ಅಣ್ಣನ ಪಾಲಿನ ಸೊಪ್ಪು

ನಮ್ಮ ಊರಿನಲ್ಲಿ ಅಮಾವಾಸ್ಯೆಯ ಬೆಳಿಗ್ಗೆ ಯಾರೂ ಅಂಗಳ ಗುಡಿಸುವುದಿಲ್ಲ. ಅವತ್ತು ಸಮುದ್ರ ಬರುತ್ತದೆ. ಮೀನು ಹರಾಜಿನ ಕಟ್ಟೆ ದಾಟಿ, ಸೀಮೆಎಣ್ಣೆ ಅಂಗಡಿಯ ಇಳಿಜಾರು ಹತ್ತಿ, ಕೇರಿಯೊಳಗೆ ಪಾದ ಮುಳುಗುವಷ್ಟು ನೀರಾಗಿ ಹರಡಿ, ಪ್ರತಿ ಮನೆಯ ಹೊಸ್ತಿಲ ಮುಂದೆ ಕಡಲಸೊಪ್ಪು ಇಟ್ಟು ಬಂದ ದಾರಿಯಲ್ಲೇ ಇಳಿದುಹೋಗುತ್ತದೆ. ತಲೆಗೊಂದು ಸೂಡಿ, ಒಂದು ಹಿಡಿಯಷ್ಟು ದಪ್ಪದ ಕಟ್ಟು. ಕಂದು ಬಣ್ಣದ ಉದ್ದ ಎಲೆ, ನಡುವೆ ದ್ರಾಕ್ಷಿಯಂಥ ಸಣ್ಣ ಗುಳ್ಳೆಗಳು. ಮನೆಗೆ ಬಂದ ನೆಂಟರನ್ನು ಅದು ಲೆಕ್ಕಕ್ಕೆ ಹಿಡಿಯುವುದಿಲ್ಲ, ಬಸುರಿಯ ಹೊಟ್ಟೆಯಲ್ಲಿರುವುದನ್ನು ಹಿಡಿಯುತ್ತದೆ. ಹಾಗಾಗಿ ನಮ್ಮಲ್ಲಿ ಹೊಸ ಸೊಸೆಯರು ಗುಟ್ಟು ಕಾಯುವ ಹಾಗಿಲ್ಲ. ಗಂಡನಿಗೆ ಹೇಳುವ ಮೊದಲೇ ಎದುರುಮನೆಯ ಮುದುಕಿ ಹೊಸ್ತಿಲು ನೋಡಿ ನಕ್ಕಿರುತ್ತಾಳೆ. ಮನೆಯವರು ಎಷ್ಟು ದೂರದಲ್ಲಿದ್ದರೂ ಅವರ ಸೂಡಿ ಬಂದೇ ಬರುತ್ತದೆ. ಸತ್ತವರದ್ದು ಬರುವುದಿಲ್ಲ.

ಬಂದ ಸೊಪ್ಪನ್ನು ಆ ಮನೆಯವರು ಮುಂದಿನ ಅಮಾವಾಸ್ಯೆಯೊಳಗೆ ತಿಂದು ಮುಗಿಸಬೇಕು. ಮಾರುವ ಹಾಗಿಲ್ಲ, ದನಕ್ಕೆ ಹಾಕುವ ಹಾಗಿಲ್ಲ, ಪಕ್ಕದ ಮನೆಗೆ ದಾಟಿಸುವ ಹಾಗಿಲ್ಲ. ಹಿಂದೆ ಯಾರೋ ಒಬ್ಬರು ತೆಂಗಿನ ಬುಡಕ್ಕೆ ಹೂತಿದ್ದರಂತೆ. ಮುಂದಿನ ಸಲ ಸಮುದ್ರ ಅವರ ಮನೆಯೊಂದನ್ನು ಬಿಟ್ಟು ಆಚೀಚೆ ಹರಿಯಿತು, ಆಮೇಲೆ ಆ ಹೊಸ್ತಿಲು ಎಂದೂ ಒದ್ದೆಯಾಗಲಿಲ್ಲ. ಅದಕ್ಕೆ ಹೇಗೆ ಗೊತ್ತಾಗುತ್ತದೆ ಎಂದು ನಮ್ಮೂರಿನಲ್ಲಿ ಯಾರೂ ಕೇಳುವುದಿಲ್ಲ. ಸೊಪ್ಪನ್ನು ಹೇಗೆ ಬೇಯಿಸಿದರೆ ರುಚಿ ಎಂಬುದರ ಬಗ್ಗೆ ಮಾತ್ರ ಮನೆಗೊಂದು ಜಗಳವಿತ್ತು. ಕೆಲವರು ತೆಂಗಿನಕಾಯಿ ಹಾಕಿ ಪಲ್ಯ ಮಾಡುತ್ತಿದ್ದರು, ಕೆಲವರು ಒಣಗಿಸಿ ಹುರಿದು ಚಟ್ನಿಪುಡಿ ಮಾಡುತ್ತಿದ್ದರು. ನೆನೆಸಿದ ನೀರನ್ನು ಮಾತ್ರ ಯಾರೂ ಚೆಲ್ಲುತ್ತಿರಲಿಲ್ಲ. ಅದನ್ನೇ ಗಂಜಿಗೆ ಹೊಯ್ದರೆ ಬೇರೆ ಉಪ್ಪು ಬೇಕಾಗಿರಲಿಲ್ಲ.

ನಮ್ಮ ಮನೆಯಲ್ಲಿದ್ದವರು ಇಬ್ಬರು, ನಾನು ಮತ್ತು ನನ್ನ ಅತ್ತಿಗೆ ಗುಲಾಬಿ. ನಾನು ಹೊಲಿಗೆ ಕೆಲಸದವಳು, ಮದುವೆಯಾಗಲಿಲ್ಲ. ಅತ್ತಿಗೆ ಮೀನು ಒಣಗಿಸಿ ಸಂತೆಗೆ ಒಯ್ಯುತ್ತಿದ್ದಳು. ನಾವು ಇಬ್ಬರಾದರೂ ಹೊಸ್ತಿಲಲ್ಲಿ ಬೀಳುತ್ತಿದ್ದದ್ದು ಮೂರು ಸೂಡಿ. ಮೂರನೆಯದು ನನ್ನ ಅಣ್ಣ ಶೀನನದು. ಅವನು ಮದುವೆಯಾದ ಎರಡನೇ ವರ್ಷ ದೊಡ್ಡ ಹಡಗಿನಲ್ಲಿ ಅಡುಗೆ ಕೆಲಸಕ್ಕೆ ಸೇರಿಕೊಂಡು ಹೋದ. ಮೊದಲು ಎರಡು ಸಲ ಫೋನು ಬಂತು. ಆಮೇಲೆ ಹಡಗು ಬಿರುಗಾಳಿಗೆ ಸಿಕ್ಕಿ ಮುಳುಗಿತು ಎಂಬ ಸುದ್ದಿ ಬಂತು. ಅದೇ ಹಡಗಿನಲ್ಲಿ ನಮ್ಮೂರಿನ ಇನ್ನೂ ಕೆಲವರು ಇದ್ದರು. ಮುಂದಿನ ಅಮಾವಾಸ್ಯೆಗೆ ಅವರ ಮನೆಗಳ ಮುಂದೆ ಒಂದೊಂದು ಸೂಡಿ ಕಡಿಮೆಯಾಗಿ, ಕೇರಿಯುದ್ದಕ್ಕೂ ಅಳು ಎದ್ದಿತು. ನಮ್ಮ ಹೊಸ್ತಿಲಲ್ಲಿ ಮಾತ್ರ ಮೊದಲಿನ ಹಾಗೆ ಮೂರೂ ಇತ್ತು. ಸಮಾಧಾನ ಹೇಳಲು ಬಂದವರು ಮೆಟ್ಟಿಲ ಮೇಲೆ ನಿಂತು ಅದನ್ನು ನೋಡಿ, ನೀರು ಕೇಳಿ ಕುಡಿದು ಹೋದರು.

ಅಂದಿನಿಂದ ಗುಲಾಬಿ ಅತ್ತಿಗೆಯನ್ನು ಊರಿನವರು ಪುಣ್ಯವಂತೆ ಎಂದು ಕರೆಯತೊಡಗಿದರು. ಗಂಡ ಎಲ್ಲಿದ್ದಾನೋ ಗೊತ್ತಿಲ್ಲ, ಆದರೆ ಇದ್ದಾನೆ. ಕೈಬಳೆ ಉಳಿಯಿತು, ಕುಂಕುಮ ಉಳಿಯಿತು. ಮದುವೆಮನೆಗಳಲ್ಲಿ ಹೊಸ ಮದುಮಗಳಿಗೆ ಮೊದಲ ಆರತಿ ಎತ್ತಲು ಅವಳನ್ನೇ ಕರೆಯುತ್ತಿದ್ದರು. ಅವಳು ಹೋಗುತ್ತಿದ್ದಳು, ಆರತಿ ಎತ್ತುತ್ತಿದ್ದಳು, ಊಟಕ್ಕೆ ನಿಲ್ಲದೆ ಬರುತ್ತಿದ್ದಳು. ಅಣ್ಣನ ಪಾಲಿನ ಸೊಪ್ಪನ್ನು ಅವಳೊಬ್ಬಳೇ ತಿನ್ನುತ್ತಿದ್ದಳು. ನಾನು ಕೈಹಾಕಿದರೆ ತಟ್ಟೆ ಎಳೆದುಕೊಳ್ಳುತ್ತಿದ್ದಳು. "ನಿನ್ನ ಪಾಲು ನಿಂಗೆ ಉಂಟು. ಇದು ನನ್ನ ಗಂಡಂದು." ಹೀಗೆ ವರ್ಷಗಟ್ಟಲೆ ಇಬ್ಬರ ಪಾಲು ಅವಳ ಹೊಟ್ಟೆಗೆ ಹೋಯಿತು.

ಅವಳ ಕೈಯಲ್ಲಿ ಏನೋ ಆಗುತ್ತಿದೆ ಎಂದು ಮೊದಲು ನನಗೆ ಗೊತ್ತಾದದ್ದು ಬಟ್ಟೆಯಿಂದ. ರವಿಕೆಯ ಅಳತೆಗೆಂದು ಅವಳ ಕೈಗೆ ನುಣುಪಾದ ಬಟ್ಟೆ ಕೊಟ್ಟರೆ ಎಳೆ ಎಳೆಯಾಗಿ ಸಿಕ್ಕಿಕೊಂಡಿತು. ಅಂಗೈ ತುಂಬ ಜೋಳದ ಕಾಳಿನಂಥ ಗಟ್ಟಿ ಗಂಟುಗಳು. ಕುತ್ತಿಗೆಯ ಕೆಳಗೆ ಕಪ್ಪು ಚರ್ಮದ ಮೇಲೆ ಮಳೆಹನಿ ಬಿದ್ದ ಹಾಗೆ ಬಿಳಿ ಚುಕ್ಕೆಗಳು. "ಉಪ್ಪುಮೀನು ತಿಕ್ಕಿ ತಿಕ್ಕಿ ಹೀಗಾಗಿದೆ," ಅಂದಳು. ಕಾಲು ಜೋಮು ಹಿಡಿಯುತ್ತದೆ ಅಂದಳು. ಒಂದು ದಿನ ಸಂತೆಯಿಂದ ಬಂದಾಗ ಒಂದು ಕಾಲಿನ ಚಪ್ಪಲಿ ಇರಲಿಲ್ಲ. ದಾರಿಯಲ್ಲಿ ಎಲ್ಲಿ ಕಳಚಿತೆಂದು ಅವಳಿಗೇ ಗೊತ್ತಿಲ್ಲ. ಅವತ್ತು ನಾನು ಅವಳನ್ನು ಆಸ್ಪತ್ರೆಗೆ ಎಳೆದುಕೊಂಡೇ ಹೋದೆ.

ನಮ್ಮ ಆಸ್ಪತ್ರೆಯ ಡಾಕ್ಟರು ವಸುಮತಿ ಎಂಬವರು. ಹೊರಗಿನವರು, ಬಂದು ಒಂದು ವರ್ಷವಾಗಿರಬಹುದು, ಹೆಚ್ಚು ಮಾತಿನವರಲ್ಲ. ಅಂಗೈ ತಿರುಗಿಸಿ ನೋಡಿದರು, ಕಣ್ಣು ಮುಚ್ಚಿಸಿ ಪಾದಕ್ಕೆ ಹತ್ತಿ ತಾಗಿಸಿ ಗೊತ್ತಾದಾಗ ಹೇಳಿ ಅಂದರು, ಅತ್ತಿಗೆಗೆ ತಾಗಿದ್ದೇ ಗೊತ್ತಾಗಲಿಲ್ಲ. ಆಮೇಲೆ ಏನು ತಿನ್ನುತ್ತೀರಿ ಎಂದು ಕೇಳಿದರು. ಅತ್ತಿಗೆಗೆ ನಗು ಬಂತು. "ಎಲ್ಲರೂ ತಿನ್ನೂದನ್ನೇ ತಿಂತೇನೆ ಡಾಕ್ಟ್ರೆ. ಅನ್ನ, ಮೀನು, ಸೊಪ್ಪು." ಡಾಕ್ಟರು ಅವಳ ಉಗುರಿನ ತುದಿ, ಕೂದಲು ಕತ್ತರಿಸಿ ತೆಗೆದುಕೊಂಡರು. ಬೇರೆ ಬೇರೆ ಕೇರಿಗಳಿಂದ ಚಿಟಿಕೆ ಚಿಟಿಕೆ ಒಣಸೊಪ್ಪು ಕೇಳಿ ಪಡೆದರು. ಅಷ್ಟು ಕೊಟ್ಟರೆ ಸಮುದ್ರ ಮುನಿಯುತ್ತದೋ ಎಂದು ಜನ ಹೆದರಿದರು. ಮುನಿಯಲಿಲ್ಲ. ಎಲ್ಲವೂ ದೊಡ್ಡ ಊರಿನ ಪ್ರಯೋಗಾಲಯಕ್ಕೆ ಹೋಯಿತು.

ಉತ್ತರ ಬಂದ ಮೇಲೆ ಡಾಕ್ಟರು ಹರಾಜುಕಟ್ಟೆಯಲ್ಲಿ ಊರನ್ನು ಸೇರಿಸಿದರು. ಮೀನಿನ ಬುಟ್ಟಿಗಳನ್ನು ಒತ್ತಟ್ಟಿಗೆ ಸರಿಸಿ ಎಲ್ಲರೂ ಕುಕ್ಕುರುಗಾಲಲ್ಲಿ ಕೂತಿದ್ದೆವು. ಸೊಪ್ಪಿನಲ್ಲಿ ಆರ್ಸೆನಿಕ್ ಇದೆ, ಕ್ಯಾಡ್ಮಿಯಂ ಇದೆ, ಸ್ವಲ್ಪ ಸೀಸವೂ ಇದೆ, ತಿನ್ನಬಹುದಾದ ಮಿತಿಗಿಂತ ಬಹಳ ಹೆಚ್ಚಿದೆ ಅಂದರು. ಸಮುದ್ರದ ಸೊಪ್ಪಿನ ಗುಣವೇ ಹಾಗೆ, ನೀರಿನಲ್ಲಿ ತೇಲಿಬಂದ ಲೋಹವನ್ನು ಮೈಯಲ್ಲಿ ಹಿಡಿದಿಟ್ಟುಕೊಳ್ಳುತ್ತದೆ ಅಂದರು. ಮೇಲಿನ ಹೊಳೆಯಲ್ಲಿ ಅದಿರು ತೊಳೆದ ನೀರು ಬಿಡುತ್ತಾರಲ್ಲ, ಅದರಿಂದ ಬಂದಿರಬಹುದು. ಖಚಿತವಾಗಿ ಹೇಳಲು ಇನ್ನಷ್ಟು ಪರೀಕ್ಷೆ ಬೇಕು.

ಹಿರಿಯರಾದ ಬೂದಜ್ಜ ಎದ್ದು ನಿಂತರು. ಅವರ ಮಾತಿಗೆ ಕಟ್ಟೆಯಲ್ಲಿ ಬೆಲೆಯಿತ್ತು. "ನಮ್ಮ ಅಜ್ಜಂದಿರು ತಿಂದ್ರು, ತೊಂಬತ್ತು ವರ್ಷ ಬದುಕಿದ್ರು. ಕೆಟ್ಟದ್ದಾದ್ರೆ ವಾಸನೆ ಬರ್ಬೇಕಲ್ಲ? ಬಣ್ಣ ತಿರುಗ್ಬೇಕಲ್ಲ?"

"ಬರೋದಿಲ್ಲ ಅಜ್ಜ," ಅಂದರು ಡಾಕ್ಟರು. "ನೋಡಿದ್ರೆ, ಮೂಸಿದ್ರೆ, ತಿಂದ್ರೆ ಗೊತ್ತಾಗೋದಿಲ್ಲ. ಅದೇ ಕಷ್ಟ. ಆರ್ಸೆನಿಕ್‌ನಲ್ಲೂ ಎರಡು ಬಗೆ ಉಂಟು. ಒಂದು ಬಗೆ ಮೀನಿನಲ್ಲಿ ಹೆಚ್ಚು, ಅದು ಮೈಯೊಳಗೆ ಬಂದ ಹಾಗೇ ಹೊರಟುಹೋಗ್ತದೆ. ಇನ್ನೊಂದು ಕಾಡುವಂಥದ್ದು. ನಿಮ್ಮ ಈ ಕಂದು ಸೊಪ್ಪಿನಲ್ಲಿ ಇರೋದು ಹೆಚ್ಚಾಗಿ ಅದೇ. ಕ್ಯಾಡ್ಮಿಯಂ ಅಂತೂ ಮೂತ್ರಪಿಂಡದಲ್ಲಿ ಕೂತ್ರೆ ಏಳೋದೇ ಇಲ್ಲ."

"ಹಾಗಾದ್ರೆ ಬಿಟ್ಟೇ ಬಿಡ್ಬೇಕಾ?" ಎಂದು ಕೇಳಿದವಳು ನಮ್ಮ ಪಕ್ಕದ ಮನೆಯ ಬೇಬಿ. ಅವಳ ಹೊಸ್ತಿಲಲ್ಲಿ ಆಗಷ್ಟೇ ಒಂದು ಸೂಡಿ ಹೆಚ್ಚಾಗಿತ್ತು. ಡಾಕ್ಟರು ಅವಳ ಮುಖ ನೋಡಿ ಹೇಳಿದರು. ಬಸುರಿಯರು, ಬಾಣಂತಿಯರು, ಮಕ್ಕಳು ಮುಟ್ಟಲೇಬಾರದು. ಉಳಿದವರೂ ಬಿಟ್ಟರೆ ಒಳ್ಳೆಯದು. ಬಿಡಲಾರೆ ಎನ್ನುವವರು ತುಂಬ ನೀರಿನಲ್ಲಿ ನೆನೆಸಿ ಆ ನೀರು ಚೆಲ್ಲಬೇಕು, ಮತ್ತೆ ಬೇಯಿಸಿ ಆ ನೀರನ್ನೂ ಚೆಲ್ಲಬೇಕು. ಆರ್ಸೆನಿಕ್‌ನ ದೊಡ್ಡ ಪಾಲು ನೀರಿನಲ್ಲಿ ಹೋಗುತ್ತದೆ, ಎಲ್ಲವೂ ಹೋಗುವುದಿಲ್ಲ.

ಕಟ್ಟೆಯಲ್ಲಿ ಗುಜುಗುಜು ಎದ್ದಿತು. ಇಷ್ಟು ಕಾಲ ನಾವು ಗಂಜಿಗೆ ಹೊಯ್ದುಕೊಂಡದ್ದು ಅದೇ ನೀರು. ಆದರೆ ಜನ ಕೇಳಿದ್ದು ಬೇರೆಯೇ. ನೀರು ಚೆಲ್ಲಿದರೆ ಸೊಪ್ಪು ತಿಂದ ಹಾಗೆ ಆಗುತ್ತದೋ ಇಲ್ಲವೋ? ಸಮುದ್ರ ಅದನ್ನು ಒಪ್ಪುತ್ತದೋ? ಡಾಕ್ಟರು, "ಅದು ನನಗೆ ಗೊತ್ತಿಲ್ಲ. ಮೈಗೆ ಏನಾಗ್ತದೆ ಅನ್ನೋದು ಮಾತ್ರ ನಾನು ಹೇಳಬಲ್ಲೆ," ಅಂದರು. ಅವರು ಹಾಗೆ ಹೇಳಿದ್ದು ನನಗೆ ಹಿಡಿಸಿತು.

ಊರು ನಿಧಾನವಾಗಿ ಹೊಂದಿಕೊಂಡಿತು. ಬೂದಜ್ಜನೇ ಮೊದಲು ನೆನೆಸಿದ ನೀರನ್ನು ಚೆಲ್ಲಿ ನೋಡಿದರು. ಮುಂದಿನ ಅಮಾವಾಸ್ಯೆಗೆ ಅವರ ಹೊಸ್ತಿಲು ಒದ್ದೆಯಾಯಿತು. ಆಮೇಲೆ ಹಲವರು ಹಾಗೇ ಮಾಡಿದರು. ಬೇಬಿ ಪೂರಾ ಬಿಟ್ಟಳು. ಗಂಡ ಮುಖ ಸಪ್ಪಗೆ ಮಾಡಿಕೊಂಡರೂ ಅವಳು ಕೇಳಲಿಲ್ಲ, ಸೊಪ್ಪನ್ನು ಗುಂಡಿ ತೋಡಿ ಹೂತಳು. ಸಮುದ್ರ ಅವಳ ಮನೆಯನ್ನು ಬಿಟ್ಟು ಹರಿಯಿತು. ಎಲ್ಲರೂ ಕಣ್ಣೆದುರಿಗಿದ್ದ ಮನೆಗಳಿಗೆ ಬಿಡುವುದು ಕಷ್ಟವಾಗಲಿಲ್ಲ. ಮಗ ಮನೆಯಲ್ಲೇ ಗೊರಕೆ ಹೊಡೆಯುತ್ತಿದ್ದಾನೆ ಎಂದಾದರೆ ಅವನು ಇದ್ದಾನೆ ಎನ್ನಲು ಸಮುದ್ರ ಏಕೆ ಬೇಕು? ಕಷ್ಟವಾದದ್ದು ಹೊರಗೆ ಹೋದವರ ಮನೆಗಳಿಗೆ. ಅವರು ಉಗುಳಲೂ ಆಗದೆ ನುಂಗಲೂ ಆಗದೆ ಕೂತರು.

ನಮ್ಮ ಮನೆಯಲ್ಲಿ ಅದಕ್ಕಿಂತ ಕಷ್ಟವಿತ್ತು. ಗುಲಾಬಿ ಅತ್ತಿಗೆ ತೊಳೆದದ್ದನ್ನೂ ತಿನ್ನಬಾರದು, ಚಿಟಿಕೆಯನ್ನೂ ತಿನ್ನಬಾರದು ಎಂದು ಡಾಕ್ಟರು ಹೇಳಿದ್ದರು. ಅವಳ ಮೈಯಲ್ಲಿ ಈಗಾಗಲೇ ಹೆಚ್ಚಾಗಿದೆ, ಇನ್ನೂ ತಿಂದರೆ ಕೈಕಾಲಿನ ನರ ಪೂರಾ ಹೋಗುತ್ತದೆ, ಮುಂದೆ ಏನೇನೋ ಆಗಬಹುದು. ಬಿಟ್ಟರೆ ಸ್ಪರ್ಶ ಮರಳಬಹುದು, ಮರಳದೆಯೂ ಇರಬಹುದು. ನಾನು ಆ ಸಂಜೆಯೇ ಹೇಳಿದೆ. "ಅತ್ತಿಗೆ, ಇನ್ನು ಮೂರು ಸೂಡಿಯೂ ನನ್ನದು. ಎರಡು ಸಲ ನೀರು ಚೆಲ್ಲಿ ಬೇಯಿಸಿ ನಾನೇ ತಿಂತೇನೆ."

"ಹೌದಾ? ನಿನ್ನ ಕೈಗೂ ಹೀಗಾದ ಮೇಲೆ ಸೂಜಿಗೆ ದಾರ ಯಾರು ಪೋಣಿಸ್ತಾರೆ? ನಿನ್ನ ಅಣ್ಣ ಬಂದು ಪೋಣಿಸ್ತಾನಾ?"

"ಅಣ್ಣನ ಸುದ್ದಿ ನಂಗೂ ಬೇಕು."

"ಬೇಕಾದ್ರೆ ಸುಮ್ನೆ ಇರು," ಅಂದಳು. ಮರುದಿನ ನಾನು ಅಂಗಡಿಯಿಂದ ಬರುವಷ್ಟರಲ್ಲಿ ನನ್ನ ಪಾಲನ್ನೂ ಸೇರಿಸಿ ಬೇಯಿಸಿ ತಿಂದಿದ್ದಳು. ನಾನು ಬಚ್ಚಿಟ್ಟರೆ ಹುಡುಕಿ ತೆಗೆದಳು. ನಾನು ಅತ್ತೆ, ಬೈದೆ, ಒಂದು ದಿನ ಮಾತು ಬಿಟ್ಟೆ. ಅವಳನ್ನು ಹಿಡಿದು ನಿಲ್ಲಿಸುವ ದಾರಿ ನನಗೆ ತೋಚಲಿಲ್ಲ. ಹಡಗಿಗೆ ಹತ್ತುವ ದಿನ ಅಣ್ಣ ನನಗೆ, "ಗುಲಾಬಿಯನ್ನು ನೋಡ್ಕೋ ಸುಗಂಧಿ," ಅಂದಿದ್ದ. ಅವನು ಬದುಕಿದ್ದಾನೆ ಎಂದು ತಿಳಿಯುವುದಕ್ಕಾಗಿಯೇ ಅವಳು ಸಾಯುತ್ತಿದ್ದಾಳಲ್ಲ ಎಂದು ಹೊಲಿಗೆ ಮೆಶಿನ್ನಿನ ಮುಂದೆ ಕೂತು ನಾನು ಯೋಚಿಸುತ್ತಿದ್ದೆ.

ಆಮೇಲೆ ಆ ಬೆಳಗಿನ ದೋಸೆ. ನಾನು ಹಿತ್ತಿಲಲ್ಲಿ ಬಟ್ಟೆ ಹರವುತ್ತಿದ್ದೆ. ಏನೋ ಸುಟ್ಟ ವಾಸನೆ ಬಂತು. ದೋಸೆ ಸುಟ್ಟ ವಾಸನೆಯಲ್ಲ, ಬೇರೆ. ಒಳಗೆ ಬಂದು ನೋಡಿದರೆ ಅತ್ತಿಗೆ ಕಿಟಕಿಯಾಚೆ ಬೇಬಿಯ ಜೊತೆ ಮಾತಾಡುತ್ತಿದ್ದಳು. ಎಡಗೈ ಕಾದ ಕಾವಲಿಯ ಅಂಚಿನ ಮೇಲೆ ಊರಿತ್ತು. ನಗುತ್ತಿದ್ದಳು. ಬೇಬಿಗೆ ಹುಣಿಸೆ ತಿನ್ನುವ ಆಸೆಯಾಗಿದೆಯಂತೆ, ಅದರ ಮಾತು. ನಾನು ಕಿರುಚಿ ಕೈ ಎಳೆದೆ. ಅಂಗೈಯ ಚರ್ಮ ಕಾವಲಿಗೆ ಅಂಟಿಕೊಂಡು ಕಿತ್ತುಬಂತು. ಅವಳು ಅದನ್ನು ನೋಡಿದಳು, ನನ್ನನ್ನು ನೋಡಿದಳು. "ಇದು ಯಾವಾಗ ಆಯ್ತು?" ಅಂದಳು.

ಆಸ್ಪತ್ರೆಯಲ್ಲಿ ಕಟ್ಟು ಹಾಕಿಸಿಕೊಂಡು ಬಂದು ಜಗಲಿಯಲ್ಲಿ ಕೂತೆವು. ಮಧ್ಯಾಹ್ನದ ಬಿಸಿಲು, ಕೇರಿಯಲ್ಲಿ ಯಾರೂ ಇರಲಿಲ್ಲ. ನಾನು ಮನಸ್ಸು ಗಟ್ಟಿಮಾಡಿ ಹೇಳಿದೆ. "ಅತ್ತಿಗೆ, ನಂಗೆ ಅಣ್ಣನ ಸುದ್ದಿ ಬೇಡ. ಇನ್ನು ಬೇಡ. ನೀನು ಬೇಕು."

ಅವಳು ಕಟ್ಟು ಹಾಕಿದ ಕೈಯನ್ನು ಮಡಿಲಿಗೆ ಎಳೆದುಕೊಂಡಳು. ಆಮೇಲೆ, "ನಾನು ಯಾಕೆ ತಿಂತಿದ್ದೆ ಅಂತ ನಿಂಗೆ ಗೊತ್ತುಂಟಾ?" ಎಂದು ಕೇಳಿದಳು.

"ಅಣ್ಣ ಇದ್ದಾನೆ ಅಂತ ನೋಡ್ಲಿಕ್ಕೆ."

"ಅಲ್ಲ ಮಾರಾಯ್ತಿ. ಅವನು ಇಲ್ಲ ಅಂತ ನೋಡ್ಲಿಕ್ಕೆ." ನನಗೆ ಅರ್ಥವಾಗಲಿಲ್ಲ. ಅವಳೇ ಮುಂದುವರಿಸಿದಳು. "ಮೊದಲೆಲ್ಲ ನಂಗೂ ಮೂರು ಕಂಡ್ರೆ ಜೀವ ಬರ್ತಿತ್ತು. ಇದ್ದಾನೆ, ಇವತ್ತಲ್ಲ ನಾಳೆ ಬರ್ತಾನೆ ಅಂತ. ಎಷ್ಟು ವರ್ಷ ಆಯ್ತು ಸುಗಂಧಿ? ಮುಳುಗಿದ ಹಡಗಿನಿಂದ ಎದ್ದು ಬಂದವನಿಗೆ ಮನೆಗೆ ಬರ್ಲಿಕ್ಕೆ ಆಗ್ಲಿಲ್ಲವಾ? ಒಂದು ಫೋನು ಮಾಡ್ಲಿಕ್ಕೆ ಆಗ್ಲಿಲ್ಲವಾ? ಸತ್ತವರ ಹೆಂಡಂದಿರು ಅತ್ತರು, ಒಂದು ವರ್ಷ, ಎರಡು ವರ್ಷ. ಆಮೇಲೆ ಎದ್ದರು, ಕೆಲವರು ಇನ್ನೊಂದು ಮದುವೆಯೂ ಆದರು. ನಂಗೆ ಅಳ್ಲಿಕ್ಕೂ ಇಲ್ಲ, ಏಳ್ಲಿಕ್ಕೂ ಇಲ್ಲ. ಪುಣ್ಯವಂತೆ ಅಂತಾರೆ. ಆರತಿ ಎತ್ತು ಅಂತಾರೆ. ಪ್ರತಿ ಅಮಾವಾಸ್ಯೆ ಬಾಗಿಲು ತೆಗೆಯುವಾಗ ಇವತ್ತು ಎರಡು ಇರ್ಲಿ ದೇವ್ರೆ ಅಂತ ಕೇಳ್ತಿದ್ದೆ. ಎರಡು ಕಂಡ್ರೆ ಒಂದು ಸಲ ಹೊಟ್ಟೆ ತುಂಬ ಅತ್ತು ಮುಗಿಸ್ತಿದ್ದೆ. ನಿನ್ನ ಒಡಹುಟ್ಟಿದವನು, ನಿನ್ನೆದುರು ಹೇಳ್ಬಾರ್ದು."

ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಅಣ್ಣನಿಗೆ ನೆನಪು ಹೋಗಿರಬಹುದು, ಯಾವುದೋ ದೇಶದ ಜೈಲಿನಲ್ಲಿರಬಹುದು ಎಂದು ನಾನು ಎಷ್ಟೋ ಸಲ ಅವಳಿಗೆ ಹೇಳಿದ್ದೆ. ಅವತ್ತೂ ಅದೇ ಮಾತು ನಾಲಗೆಯ ತುದಿಗೆ ಬಂತು, ನುಂಗಿಕೊಂಡೆ. ಅದಾವುದೂ ನನಗೆ ಗೊತ್ತಿರಲಿಲ್ಲ, ಯಾರಿಗೂ ಗೊತ್ತಿರಲಿಲ್ಲ. ಸೊಪ್ಪು ಹೇಳುತ್ತಿದ್ದದ್ದು ಒಂದೇ ಮಾತು, ಅದಕ್ಕಿಂತ ಹೆಚ್ಚು ಒಂದಕ್ಷರವೂ ಇಲ್ಲ.

"ಅಂವ ಸಾಯೂದನ್ನು ಕಾಯ್ತಾ ಕಾಯ್ತಾ ನಾನು ಸಾಯೂದಾ?" ಅಂದಳು ಅತ್ತಿಗೆ. ನನ್ನನ್ನು ಕೇಳಿದ ಹಾಗಿರಲಿಲ್ಲ.

ಆ ತಿಂಗಳ ಸೊಪ್ಪನ್ನು ಅವಳು ಮೊದಲೇ ತಿಂದು ಮುಗಿಸಿದ್ದಳು. ಮುಂದಿನ ಅಮಾವಾಸ್ಯೆಯ ಬೆಳಿಗ್ಗೆ ನಾನು ಎದ್ದಾಗ ಅವಳು ಆಗಲೇ ಹೊಸ್ತಿಲಲ್ಲಿ ಕೂತಿದ್ದಳು. ಬೆಳಕು ಚೆನ್ನಾಗಿ ಹರಿದಿತ್ತು. ಸಮುದ್ರ ಇಳಿಜಾರು ಹತ್ತಿ ಬರುವ ಸದ್ದು, ದೂರದಲ್ಲಿ ಯಾರೋ ಸೀರೆ ಎಳೆದುಕೊಂಡು ನಡೆದ ಹಾಗೆ. ನೀರು ಬಂತು, ಅವಳ ಕಾಲ ಸುತ್ತ ಸುಳಿಯಿತು. ಸರಿಯುವಾಗ ಮೂರು ಸೂಡಿ ಬಿಟ್ಟುಹೋಯಿತು. ಅತ್ತಿಗೆ ಅದನ್ನು ನೋಡಿ ತಲೆಯಾಡಿಸಿದಳು. ಆಮೇಲೆ ಕಟ್ಟಿಲ್ಲದ ಕೈಯಲ್ಲಿ ಮೂರನ್ನೂ ಎತ್ತಿಕೊಂಡು, ಇಳಿಯುತ್ತಿದ್ದ ನೀರಿನ ಹಿಂದೆಯೇ ನಡೆಯತೊಡಗಿದಳು. ಕಾಲಿನ ಹಿಡಿತವಿಲ್ಲದ್ದರಿಂದ ವಾಲುತ್ತಿದ್ದಳು. ನಾನು ಓಡಿಹೋಗಿ ತೋಳು ಹಿಡಿದೆ, ಬಿಡಿಸಿಕೊಳ್ಳಲಿಲ್ಲ.

ಇದನ್ನು ನಮ್ಮೂರಿನಲ್ಲಿ ಯಾರೂ ಮಾಡಿರಲಿಲ್ಲ. ಹೂತವರಿದ್ದರು, ಸುಟ್ಟವರಿದ್ದರು, ಎಲ್ಲ ತಮ್ಮ ತಮ್ಮ ಹಿತ್ತಿಲಲ್ಲಿ. ಕೊಟ್ಟವರ ಕೈಗೇ ವಾಪಸು ಕೊಟ್ಟವರಿರಲಿಲ್ಲ. ಕೇರಿಯ ಎರಡೂ ಕಡೆ ಜನ ಬಾಗಿಲಿಗೆ ಬಂದು ನಿಂತರು. ಬೂದಜ್ಜ ಹರಾಜುಕಟ್ಟೆಯ ಹತ್ತಿರ ಅಡ್ಡ ಬಂದರು. "ಗುಲಾಬಿ, ಯೋಚ್ನೆ ಮಾಡು. ನಾಳೆ ಶೀನ ಇದ್ದಾನೋ ಇಲ್ವೋ ಯಾರು ಹೇಳ್ತಾರೆ?"

"ಇವತ್ತು ಇದ್ದಾನೆ ಅಜ್ಜ," ಅಂದಳು ಅತ್ತಿಗೆ. "ಇದ್ದಲ್ಲಿ ಚೆಂದ ಇರ್ಲಿ. ನಂಗೆ ದಾರಿ ಬಿಡಿ."

ಅಜ್ಜ ಸರಿದು ನಿಂತರು. ಮರಳಿನ ಅಂಚಿನಲ್ಲಿ ನೀರು ಮೊಣಕಾಲಿನವರೆಗೆ ಬಂದಾಗ ಅವಳು ಒಂದೊಂದೇ ಸೂಡಿಯನ್ನು ನೀರಿಗೆ ಬಿಟ್ಟಳು. ಮೊದಲು ನನ್ನದು, ಆಮೇಲೆ ತನ್ನದು, ಕೊನೆಗೆ ಅಣ್ಣನದು. ಅವು ಹರಡಿಕೊಂಡು ತೇಲುತ್ತಾ ಹೋದವು. ಅವಳು ಅಲ್ಲೇ ನಿಂತು ಅತ್ತಳು. ಸಾವಿನ ಮನೆಯ ಅಳು ನನಗೆ ಗೊತ್ತು, ಅದು ಹಾಗಿರಲಿಲ್ಲ. ಸಿಟ್ಟಿತ್ತು ಅದರಲ್ಲಿ, ಬೈಗುಳವಿತ್ತು, ಅಣ್ಣನ ಹೆಸರು ಹಿಡಿದು ಬಾಯಿಗೆ ಬಂದ ಹಾಗೆ ಬೈದಳು. ಇಷ್ಟು ವರ್ಷದಲ್ಲಿ ಅವಳು ಅವನ ಹೆಸರು ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ನಾನೂ ಅತ್ತೆ. ಯಾರೂ ನಮ್ಮನ್ನು ಸಮಾಧಾನ ಮಾಡಲು ಬರಲಿಲ್ಲ, ಅದು ಒಳ್ಳೆಯದೇ ಆಯಿತು.

ಮುಂದಿನ ಅಮಾವಾಸ್ಯೆಗೆ ನಮ್ಮ ಹೊಸ್ತಿಲು ಒಣಗಿತ್ತು. ನಾವು ಅವತ್ತೂ ಎದ್ದು, ಅಂಗಳ ಗುಡಿಸಿ, ಬಸಳೆ ಕೊಯ್ದು ಹುಳಿ ಮಾಡಿ ಉಂಡೆವು. ಮದುವೆಮನೆಗಳಿಂದ ಆರತಿಗೆ ಕರೆ ಬರುವುದು ಕಡಿಮೆಯಾಯಿತು. ಕರೆದ ಕಡೆ ಅತ್ತಿಗೆ ಊಟಕ್ಕೆ ನಿಂತಳು. ಬೇಬಿಗೆ ಹೆಣ್ಣುಮಗು ಹುಟ್ಟಿತು, ಗಟ್ಟಿಯಾಗಿದೆ. ಹೊಳೆಯ ಮೇಲಿನ ಅದಿರಿನ ನೀರಿನ ವಿಷಯವಾಗಿ ಡಾಕ್ಟರು ಮತ್ತು ಬೂದಜ್ಜ ಸೇರಿ ದೊಡ್ಡ ಊರಿಗೆ ಅಲೆಯುತ್ತಿದ್ದಾರೆ. ಯಾರು ಕೇಳಿದರೂ ನೋಡೋಣ ಎನ್ನುವ ಉತ್ತರವೇ ಸಿಗುತ್ತಿದೆಯಂತೆ. ಇನ್ನೂ ಕೆಲವು ಮನೆಗಳ ಮುಂದೆ ಸಮುದ್ರ ಸೊಪ್ಪು ಇಡುತ್ತದೆ, ಅವರು ತೊಳೆದು ತೊಳೆದು ಚಿಟಿಕೆ ತಿನ್ನುತ್ತಾರೆ. ಅವರನ್ನು ನಾವು ಏನೂ ಹೇಳುವುದಿಲ್ಲ.

ಅತ್ತಿಗೆಯ ಸುಟ್ಟ ಗಾಯ ಮಾಯಲು ತಡವಾಯಿತು. ಅಂಗೈಯ ಗಂಟುಗಳು ಹಾಗೇ ಇವೆ. ಕಾಲಿನ ಜೋಮು ಪೂರಾ ಹೋಗುವುದಿಲ್ಲ ಎಂದು ಡಾಕ್ಟರು ಈಗ ಸ್ಪಷ್ಟವಾಗಿಯೇ ಹೇಳುತ್ತಾರೆ. ಮೊನ್ನೆ ಮಧ್ಯಾಹ್ನ ನಾನು ಒಳಗೆ ಮೆಶಿನ್ ತುಳಿಯುತ್ತಿದ್ದೆ, ಅವಳು ಹಿತ್ತಿಲಲ್ಲಿ ಕೂತು ಮೀನು ಕೊಯ್ಯುತ್ತಿದ್ದಳು. ಒಮ್ಮೆಗೇ "ಅಯ್ಯಬ್ಬಾ!" ಎಂದು ಕೂಗಿದಳು. ನಾನು ಏನಾಯಿತೋ ಎಂದು ಹೊಲಿಗೆ ಬಿಟ್ಟು ಓಡಿದೆ. ಮೀನಿನ ಮುಳ್ಳು ಹೆಬ್ಬೆರಳಿಗೆ ಚುಚ್ಚಿ ರಕ್ತ ಹನಿಯುತ್ತಿತ್ತು. ಅವಳು ಬೆರಳನ್ನು ನನ್ನ ಮುಖದ ಹತ್ತಿರ ಹಿಡಿದು, ಕಣ್ಣು ಅರಳಿಸಿ, "ಸುಗಂಧಿ, ನೋಡೇ," ಅಂದಳು. "ನೋಯ್ತದೆ."